ಗೋಡೆಯ ಮೇಲೆ ಯಾರ ಫೋಟೋ?

ಟಿಳಕವಾಡಿ, ಬೆಳಗಾವಿ
ಆಷಾಢದ ಒಂದು ಸಂಜೆ

ಪ್ರಿಯ ಗೆಳತಿ,

ನಿಮ್ಮ ಪತ್ರ ಮೂರು ದಿನದ ಹಿಂದೆ ಕೈಸೇರಿತು. ಖಾನಾಪುರದ ಮಳೆ ಲಕೋಟೆಯ ಒಳಗೂ ಹೊಕ್ಕು ಎರಡನೆಯ ಹಾಳೆಯ ಶಾಯಿಯನ್ನು ಕದಡಿಬಿಟ್ಟಿತ್ತು. ಆದರೂ ಓದಿಕೊಂಡೆ. ವಕೀಲರ ಅಕ್ಷರ ಓದಿ ರೂಢಿಯಿದ್ದವನಿಗೆ ಮಳೆಯ ಅಕ್ಷರ ಏನು ಮಹಾ!

ನೀವು ಕೇಳಿದ್ದು ಇಷ್ಟು. ನಿಮ್ಮ ಸೀನಿಯರ್ ತೀರಿಕೊಂಡ ಮೇಲೆ ಅವರ ಆಫೀಸು ನಿಮಗೆ ಬಂದಿದೆ. ಆ ಕುರ್ಚಿಯಲ್ಲಿ ಕೂತವರಲ್ಲಿ ನೀವು ನಾಲ್ಕನೆಯವರು. ಹೊರಗಿನ ಖೋಲಿಯ ಗೋಡೆಗೆ ಹಿಂದಿನ ವಕೀಲರ ಫೋಟೋ ತೂಗುಹಾಕಿ ಕೆಳಗೆ ನಾಲ್ಕು ಸಾಲು ಬರೆಸಬೇಕು ಅಂತಿದ್ದೀರಿ. ಬರೀ ನಿಮ್ಮ ಆಫೀಸಿನವರೇ ಇದ್ದರೆ ಸಾಕೋ, ಈ ಭಾಗದ ವಕೀಲಿಯನ್ನು ರೂಪಿಸಿದ ಬೇರೆಯವರೂ ಬೇಕೋ? ಬೇಕಾದರೆ ಯಾರು? ಇದು ನಿಮ್ಮ ಪ್ರಶ್ನೆ. ನನ್ನನ್ನೇ ಯಾಕೆ ಕೇಳಿದಿರೋ ಗೊತ್ತಿಲ್ಲ. ನಾನು ಕರಿಕೋಟು ಹಾಕಿದ್ದು ಬರೀ ಮೂರು ವರ್ಷ. ಆಮೇಲೆ ಬರವಣಿಗೆಗೆ ಬಿದ್ದೆ. ಓಡಿಹೋದವನಿಗೆ ಮನೆಯ ನೆನಪು ಜಾಸ್ತಿ ಅನ್ನುತ್ತಾರಲ್ಲ, ಅದನ್ನು ನಂಬಿ ಕೇಳಿರಬೇಕು.

ನಮ್ಮ ಕಡೆ ‘ಲಾ ಫರ್ಮ್’ ಅನ್ನುವ ಮಾತೇ ಇರಲಿಲ್ಲ ನೋಡಿ. ಇದ್ದದ್ದು ‘ಆಫೀಸು’. ಹೊಸ ಹುಡುಗ ಕೋರ್ಟಿನ ಆವಾರದಲ್ಲಿ ಕಂಡರೆ ಹಿರಿಯರು ಮೊದಲು ಕೇಳುತ್ತಿದ್ದದ್ದು ಅವನ ಹೆಸರನ್ನಲ್ಲ, “ಯಾರ ಆಫೀಸಿನವ್ನೋ ತಮ್ಮಾ?” ಗವಾಯಿಗಳಿಗೆ ಘರಾಣೆ ಇದ್ದ ಹಾಗೆ ವಕೀಲರಿಗೆ ಆಫೀಸು. ಬೋರ್ಡಿನ ಮೇಲಿನ ಹೆಸರು ಬದಲಾದರೂ ಕಪಾಟು ಬದಲಾಗುವುದಿಲ್ಲ. ಪಕ್ಷಗಾರರೂ ಹಾಗೇ: ಅಜ್ಜ ಗಡಿಬಾಂದಿನ ತಕರಾರು ತಂದ ಜಾಗಕ್ಕೇ ಮೊಮ್ಮಗ ವಾಟಣಿಯ ದಾವೆ ತರುತ್ತಾನೆ.

ನನ್ನ ಸೀನಿಯರ್ ಮೊದಲ ತಿಂಗಳು ನನಗೆ ಒಂದು ಕಾಯ್ದೆ ಪುಸ್ತಕವನ್ನೂ ಮುಟ್ಟಗೊಡಲಿಲ್ಲ. ಕಾರಕೂನರ ಪಕ್ಕದಲ್ಲಿ ಕೂರಿಸಿದರು. ಖರೀದಿ ಪತ್ರ ಕೈಗೆ ಬಂದಕೂಡಲೆ ಮುಂಭಾಗ ಓದಬೇಡ, ಮೊದಲು ತಿರುವಿ ನೋಡು ಎಂದು ಕಲಿಸಿದವರು ಆ ಕಾರಕೂನರು. ಹಳೆಯ ಸ್ಟ್ಯಾಂಪು ಕಾಗದದ ಬೆನ್ನಿನ ಮೇಲೆ ಅದನ್ನು ಮಾರಿದವನ ಬರಹ ಇರುತ್ತದೆ: ಯಾವ ತಾರೀಖು, ಯಾರಿಗೆ, ಎಷ್ಟಕ್ಕೆ. ಮುಖದ ಮೇಲಿನ ತಾರೀಖಿಗಿಂತ ಬೆನ್ನಿನ ಮೇಲಿನ ತಾರೀಖು ಈಚಿನದಾಗಿದ್ದರೆ ಆ ಕಾಗದ ಏನನ್ನೋ ಮುಚ್ಚಿಡುತ್ತಿದೆ ಎಂದು ಅರ್ಥ. ಮೂರು ವರ್ಷದಲ್ಲಿ ನಾನು ಕಲಿತ ಕಾಯ್ದೆಯೆಲ್ಲ ಮರೆತಿದೆ, ಇದು ಮರೆತಿಲ್ಲ. ಆ ಕಾರಕೂನರ ಫೋಟೋ ಯಾವ ಬಾರ್ ರೂಮಿನಲ್ಲೂ ಇಲ್ಲ. ಈ ಮಾತಿಗೆ ಮತ್ತೆ ಬರುತ್ತೇನೆ.

ಈಗ ಹೆಸರುಗಳಿಗೆ ಬರೋಣ.

ಮುಂದಿನ ಸಲ ಬೆಳಗಾವಿಗೆ ಬಂದಾಗ ಕೋರ್ಟಿನ ಕೆಲಸ ಮುಗಿಸಿ ರಿಸಾಲದಾರ ಗಲ್ಲಿಗೆ ಹೋಗಿಬನ್ನಿ. ಅಲ್ಲೊಂದು ಹಳೆಯ ಮನೆಯನ್ನು ರಾಮಕೃಷ್ಣ ಮಿಷನ್ನಿನವರು ಸ್ಮಾರಕವಾಗಿ ಕಾಪಾಡಿಕೊಂಡಿದ್ದಾರೆ. ಅದು ಸದಾಶಿವ ಭಾಟೆ ಎಂಬ ವಕೀಲರ ಮನೆ. 1892ರ ಅಕ್ಟೋಬರಿನಲ್ಲಿ ಕೊಲ್ಹಾಪುರದಿಂದ ಒಂದು ಪರಿಚಯಪತ್ರ ಹಿಡಿದು ಒಬ್ಬ ಬಂಗಾಳಿ ಸಂನ್ಯಾಸಿ ಆ ಬಾಗಿಲಿಗೆ ಬಂದ. ಶಿಕಾಗೋ ಭಾಷಣಕ್ಕೆ ಇನ್ನೂ ಸುಮಾರು ಹನ್ನೊಂದು ತಿಂಗಳಿತ್ತು. ಸ್ವಾಮಿ ವಿವೇಕಾನಂದ ಎಂದರೆ ಯಾರಿಗೂ ಗೊತ್ತಿರಲಿಲ್ಲ. ಭಾಟೆಯವರ ಮಗ ಆಗ ಹುಡುಗ, ಪಾಣಿನಿಯ ಅಷ್ಟಾಧ್ಯಾಯಿ ಬಾಯಿಪಾಠ ಮಾಡುತ್ತಿದ್ದ. ಮುಂದೆ ಪ್ರೊಫೆಸರರಾದ ಅವರು ಆ ದಿನಗಳನ್ನು ಬರೆದಿಟ್ಟಿದ್ದಾರೆ. ಬಂದ ಅತಿಥಿ ಊಟವಾದ ಕೂಡಲೆ ಎಲೆ ಅಡಿಕೆ ಕೇಳಿದ್ದು, ಆಮೇಲೆ ತಂಬಾಕೂ ಕೇಳಿದ್ದು, ಮನೆಯವರು ತಬ್ಬಿಬ್ಬಾದದ್ದು ಎಲ್ಲ ಅದರಲ್ಲಿದೆ. ಸಂನ್ಯಾಸಿ ಎಂದರೆ ಹೀಗೂ ಇರುತ್ತಾರೆಯೇ ಎಂದು ಮಡಿಯ ಮನೆಯೊಂದು ಕಣ್ಣರಳಿಸಿದ ದೃಶ್ಯ ಅದು.

ನನಗೆ ಇಷ್ಟವಾಗುವುದು ಆಮೇಲಿನ ಭಾಗ. ವಕೀಲರ ಪಡಸಾಲೆ ದಿನವೂ ತುಂಬತೊಡಗಿತು. ಊರಿನ ವಕೀಲರು, ಅಧಿಕಾರಿಗಳು, ಪಂಡಿತರು ವಾದಕ್ಕೆ ಬಂದರು. ಅವರಲ್ಲೊಬ್ಬ ಎಕ್ಸಿಕ್ಯುಟಿವ್ ಎಂಜಿನಿಯರು ಬಹಳ ಓದಿಕೊಂಡವರು; ವಾದದಲ್ಲಿ ಸೋತಾಗ ಸಿಟ್ಟಾಗುತ್ತಿದ್ದದ್ದು ಅವರು, ಸ್ವಾಮೀಜಿ ನಗುತ್ತಲೇ ಇರುತ್ತಿದ್ದರಂತೆ. ಅರಣ್ಯಾಧಿಕಾರಿ ಹರಿಪದ ಮಿತ್ರರ ಮನೆಗೆ ಅಕ್ಟೋಬರ್ 18ರ ಮಂಗಳವಾರ ಸಂಜೆ ಸ್ವಾಮೀಜಿಯನ್ನು ಕರೆದುಕೊಂಡು ಹೋದವರೂ ವಕೀಲರೇ. ಸಂನ್ಯಾಸಿಗಳೆಂದರೆ ಠಕ್ಕರು, ಏನೋ ಬೇಡಲಿಕ್ಕೆ ಬಂದಿರಬೇಕು ಎಂದುಕೊಂಡಿದ್ದ ಮಿತ್ರರು ಕೆಲವೇ ದಿನಗಳಲ್ಲಿ ಹೆಂಡತಿಯೊಂದಿಗೆ ಶಿಷ್ಯರಾದರು.

ಭಾಟೆ ವಕೀಲರು ಗೆದ್ದ ಖಟ್ಲೆಗಳ ಸುದ್ದಿ ಇವತ್ತು ಯಾರ ಬಾಯಲ್ಲೂ ಇಲ್ಲ. ಉಳಿದದ್ದು ಪರಿಚಯವಿಲ್ಲದವನಿಗೆ ತೆರೆದ ಆ ಬಾಗಿಲು. ನಿಮ್ಮ ಗೋಡೆಯ ಮೇಲೆ ಅವರ ಚಿತ್ರ ಸಿಗದಿದ್ದರೆ ಆ ಮನೆಯ ಬಾಗಿಲಿನದೇ ಒಂದು ಫೋಟೋ ತೆಗೆದು ಹಾಕಿ.

ಅದೇ 1892ರ ಬೇಸಿಗೆಯಲ್ಲಿ ಆಕ್ಸ್‌ಫರ್ಡಿನಲ್ಲಿ ಒಬ್ಬಳು ಹುಡುಗಿ ಕಾಯ್ದೆಯ ಪರೀಕ್ಷೆಗೆ ಕೂತಿದ್ದಳು. ಕಾರ್ನೆಲಿಯಾ ಸೊರಾಬ್ಜಿ. ಹುಟ್ಟಿದ್ದು ನಾಸಿಕದಲ್ಲಿ, 1866ರಲ್ಲಿ. ಬಾಲ್ಯದ ಮೊದಲ ವರ್ಷಗಳನ್ನು ಕಳೆದದ್ದು ಮಾತ್ರ ನಮ್ಮ ಬೆಳಗಾವಿಯಲ್ಲಿ, ಆಮೇಲೆ ಪುಣೆ. ಆಕ್ಸ್‌ಫರ್ಡಿನಲ್ಲಿ ಕಾಯ್ದೆ ಓದಿದ ಮೊದಲ ಹೆಂಗಸು ಆಕೆ. ಪರೀಕ್ಷೆ ಬರೆಯಲು ಬಿಟ್ಟರು, ಪದವಿ ಮಾತ್ರ ಕೊಡಲಿಲ್ಲ. ಮೂವತ್ತು ವರ್ಷ ಕಾದು 1922ರಲ್ಲಿ ಅದು ಕೈಗೆ ಬಂತು. ನಡುವೆ ಮುಂಬಯಿ ವಿಶ್ವವಿದ್ಯಾಲಯದ ಕಾಯ್ದೆ ಪರೀಕ್ಷೆ, ಅಲಹಾಬಾದಿನ ಪ್ಲೀಡರ್ ಪರೀಕ್ಷೆ ಎರಡನ್ನೂ ದಾಟಿದರೂ ಕೋರ್ಟಿನ ಬಾಗಿಲು ವರ್ಷಗಟ್ಟಲೆ ಆಕೆಗೆ ತೆರೆಯಲಿಲ್ಲ. ಹೆಂಗಸರೂ ವಕೀಲಿ ಮಾಡಬಹುದು ಎಂಬ ಕಾಯ್ದೆ ಈ ದೇಶದಲ್ಲಿ ಬಂದದ್ದು 1923ರಲ್ಲಿ.

ನಿಮ್ಮ ಪತ್ರದ ಆ ಕದಡಿದ ಹಾಳೆಯಲ್ಲಿ ಒಂದು ಸಾಲು ಇತ್ತು: ಹಳಬ ಪಕ್ಷಗಾರರು ಬಾಗಿಲಲ್ಲಿ ನಿಂತು “ವಕೀಲಸಾಹೇಬ್ರು ಇಲ್ಲೇನ್ರಿ ಅಕ್ಕಾರ?” ಅಂತ ನಿಮ್ಮನ್ನೇ ಕೇಳುತ್ತಾರೆ ಎಂದು. ನಗು ಬಂತು, ಆಮೇಲೆ ಬರಲಿಲ್ಲ. ಎಲ್ಲಕ್ಕಿಂತ ಮೊದಲ ಮೊಳೆ ಕಾರ್ನೆಲಿಯಾರ ಫೋಟೋಕ್ಕೆ ಹೊಡೆಯಿರಿ. ಬಾಗಿಲಿಂದ ಒಳಗೆ ಬಂದವರ ಕಣ್ಣಿಗೆ ನೇರ ಬೀಳುವ ಹಾಗೆ.

ಇನ್ನು 1916. ಏಪ್ರಿಲ್ ಕೊನೆಯಲ್ಲಿ ಮುಂಬಯಿ ಪ್ರಾಂತದ ರಾಜಕೀಯ ಪರಿಷತ್ತಿಗಾಗಿ ಲೋಕಮಾನ್ಯ ಟಿಳಕರು ಬೆಳಗಾವಿಗೆ ಬಂದಿದ್ದರು. 28ನೇ ತಾರೀಖು ಇಲ್ಲೇ ಅವರ ಹೋಮ್ ರೂಲ್ ಲೀಗ್ ಹುಟ್ಟಿತು. ಅದರ ಅಧ್ಯಕ್ಷರು ಬ್ಯಾರಿಸ್ಟರ್ ಜೋಸೆಫ್ ಬ್ಯಾಪ್ಟಿಸ್ಟಾ; ಕಾರ್ಯದರ್ಶಿ ಎನ್.ಸಿ. ಕೇಳಕರ, ಅವರೂ ಕಾಯ್ದೆ ಓದಿದವರು. ಮೇ 1ರಂದು ಟಿಳಕರು ಇಲ್ಲಿ ಮರಾಠಿಯಲ್ಲಿ ಒಂದು ಭಾಷಣ ಮಾಡಿದರು. ಅದೂ, ಅಹಮದ್‌ನಗರದಲ್ಲಿ ಮಾಡಿದ ಇನ್ನೆರಡೂ ರಾಜದ್ರೋಹದ ಭಾಷಣಗಳು ಎಂದು ಸರಕಾರ ನೋಟೀಸು ಕೊಟ್ಟಿತು. ಯಾವಾಗ? ಜುಲೈ 23ರಂದು, ಅವರಿಗೆ ಅರವತ್ತು ತುಂಬಿದ ದಿನ, ಅಭಿಮಾನಿಗಳು ಸತ್ಕಾರ ಇಟ್ಟುಕೊಂಡಾಗಲೇ! ಒಂದು ವರ್ಷ ಸರಿಯಾಗಿ ನಡೆದುಕೊಳ್ಳುವುದಕ್ಕೆ 20,000 ರೂಪಾಯಿಯ ಮುಚ್ಚಳಿಕೆ, ಜೊತೆಗೆ ತಲಾ 10,000 ರೂಪಾಯಿಯ ಇಬ್ಬರು ಜಾಮೀನುದಾರರು ಬೇಕೆಂದು ಪುಣೆಯ ಮ್ಯಾಜಿಸ್ಟ್ರೇಟರು ಹುಕುಂ ಮಾಡಿದರು.

ಟಿಳಕರ ಪರ ನಿಂತವರು ಮಹಮ್ಮದ್ ಅಲಿ ಜಿನ್ನಾ. ನವೆಂಬರ್ 9ರಂದು ಮುಂಬಯಿ ಹೈಕೋರ್ಟಿನಲ್ಲಿ ಬ್ಯಾಚಲರ್ ಮತ್ತು ಶಾ ಎಂಬ ಇಬ್ಬರು ನ್ಯಾಯಮೂರ್ತಿಗಳು ಆ ಹುಕುಮನ್ನು ರದ್ದು ಮಾಡಿದರು. ಅಲ್ಲೊಂದು ಇಲ್ಲೊಂದು ಸಾಲು ಕಿತ್ತು ನೋಡಬಾರದು, ಭಾಷಣವನ್ನು ಇಡಿಯಾಗಿ ಓದಿ ಅದರ ಒಟ್ಟು ಧ್ವನಿ ಹಿಡಿಯಬೇಕು ಎಂಬುದು ಅವರು ಹಿಡಿದ ದಾರಿ. ಬೆಳಗಾವಿಯ ಮೈದಾನದಲ್ಲಿ ಆಡಿದ ಮಾತು ಮುಂಬಯಿಯ ಕೋರ್ಟಿನಲ್ಲಿ ಗೆದ್ದದ್ದು ಹೀಗೆ. ಪತ್ರಿಕೆಯಲ್ಲಿ ಕೆಲಸ ಮಾಡಿದವನಾಗಿ ಈ ತೀರ್ಪಿಗೆ ನಾನು ಎರಡು ಸಲ ಕೈಮುಗಿಯುತ್ತೇನೆ. ಈಗಿನ ದಿನಗಳಲ್ಲಿ ಇಡೀ ಭಾಷಣ ಓದುವವರು ಯಾರು?

ಆ ಕಾಲದ ಬೆಳಗಾವಿ ಬಾರಿನ ದೊಡ್ಡ ಹೆಸರುಗಳಲ್ಲಿ ಇಬ್ಬರನ್ನಾದರೂ ಬಿಡಬೇಡಿ. ಡಿ.ವಿ. ಬೆಳವಿಯವರು ಇಲ್ಲಿಯ ವಕೀಲರಾಗಿದ್ದು ದಿಲ್ಲಿಯ ಕೇಂದ್ರ ಶಾಸನ ಸಭೆಯವರೆಗೆ ಹೋದವರು. ಇನ್ನೊಬ್ಬರು ಅಣ್ಣಾಸಾಹೇಬ ಲಠ್ಠೆ. ಜೈನ ಸಮಾಜದ ಸುಧಾರಕರು, ಜೈನ ಧರ್ಮದ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದವರು. ಬೆಳಗಾವಿಯಲ್ಲಿ ವಕೀಲಿ ಮಾಡಿದರು, ಕೊಲ್ಹಾಪುರದ ದಿವಾನರಾದರು, 1937ರಲ್ಲಿ ಮುಂಬಯಿ ಪ್ರಾಂತದ ಅರ್ಥಮಂತ್ರಿಯಾದರು. ಶಾಹೂ ಮಹಾರಾಜರ ಜೀವನಚರಿತ್ರೆ ಬರೆದವರೂ ಅವರೇ. ಇವರ ಬಗ್ಗೆ ಇನ್ನೊಮ್ಮೆ ಉದ್ದ ಬರೆಯುತ್ತೇನೆ.

1924ರ ಕಾಂಗ್ರೆಸ್ ಅಧಿವೇಶನದ ಕಥೆ ನಿಮಗೆ ಗೊತ್ತೇ ಇದೆ. ಗಾಂಧೀಜಿ ಅಧ್ಯಕ್ಷರಾದ ಏಕೈಕ ಅಧಿವೇಶನ, ಟಿಳಕವಾಡಿಯಲ್ಲಿ ವಿಜಯನಗರ ಎಂದು ಹೆಸರಿಟ್ಟ ಅಧಿವೇಶನದ ಬಯಲು, 4,370 ರೂಪಾಯಿ 3 ಆಣೆಗೆ ತೋಡಿದ ಪಂಪಾ ಸರೋವರದ ಬಾವಿ. ನಮ್ಮ ಮನೆಯಿಂದ ಆ ಬಾವಿಗೆ ಹತ್ತು ನಿಮಿಷದ ನಡಿಗೆ. ಸಂಜೆ ವಾಕಿಂಗಿಗೆ ಹೋದವನು ಅಲ್ಲೇ ಕಟ್ಟೆಯ ಮೇಲೆ ಕೂತುಬಿಡುತ್ತೇನೆ. ಹಾಗೆ ಕೂತಾಗ ಒಂದು ಮಾತು ಹೊಳೆಯುತ್ತದೆ. ಆ ಮಂಟಪದಲ್ಲಿ ಸೇರಿದ್ದ ದೊಡ್ಡವರನ್ನೆಲ್ಲ ಎಣಿಸಿದರೆ ಅದೊಂದು ವಕೀಲರ ಸಭೆಯೇ. ಕೂತಿದ್ದವರು ಮಾತ್ರ ವಕೀಲಿ ಬಿಟ್ಟ ವಕೀಲರು. ಅಧ್ಯಕ್ಷರೇ ಬ್ಯಾರಿಸ್ಟರು, ಎರಡು ವರ್ಷದ ಹಿಂದೆ, 1922ರಲ್ಲಿ, ಲಂಡನ್ನಿನ ಇನ್ನರ್ ಟೆಂಪಲ್ ಅವರ ಹೆಸರನ್ನು ತನ್ನ ಯಾದಿಯಿಂದ ಹೊಡೆದುಹಾಕಿತ್ತು. ಕಲ್ಕತ್ತೆಯಲ್ಲಿ ಹಣದ ಮಳೆ ಸುರಿಸುತ್ತಿದ್ದ ವಕೀಲಿಯನ್ನು ಚಿತ್ತರಂಜನ ದಾಸರು ಬಿಟ್ಟು ಬಂದಿದ್ದರು. ಅವರನ್ನೆಲ್ಲ ಕರೆತಂದು, ಮಂಟಪ ಕಟ್ಟಿ, ಉಣಿಸಿ ಕಳಿಸಿದ ಹುದಲಿಯ ಗಂಗಾಧರರಾವ್ ದೇಶಪಾಂಡೆಯವರೂ ಕಾಯ್ದೆ ಪದವೀಧರರೇ. 1871ರಲ್ಲಿ ಹುಟ್ಟಿ 1960ರವರೆಗೆ ಬದುಕಿದ ಅವರನ್ನು ಜನ ಕರ್ನಾಟಕ ಸಿಂಹ ಅಂದರು, ಖಾದಿ ಭಗೀರಥ ಅಂದರು. ದೇಶಪಾಂಡೆ ವಕೀಲರು ಅಂತ ಯಾರೂ ಅನ್ನಲಿಲ್ಲ. 1937ರಲ್ಲಿ ಗಾಂಧೀಜಿಯನ್ನು ಮತ್ತೆ ಕರೆಸಿ ತಮ್ಮ ಹಳ್ಳಿಯಲ್ಲೇ ಇರಿಸಿಕೊಂಡರು.

ಅದೇ ಮಂಟಪದಲ್ಲಿ ಏಕೀಕರಣದ ಹಾಡು ಕೇಳಿಸಿತು. ಬರೆದವರು ಹುಯಿಲಗೋಳ ನಾರಾಯಣರಾಯರು. 1911ರಿಂದ ಗದಗಿನಲ್ಲಿ ವಕೀಲಿ ಮಾಡುತ್ತಿದ್ದವರು! ಹಾಡಿನ ಹೆಸರು ಹೇಳುವುದೇ ಬೇಡ, ಕನ್ನಡದ ಶಾಲೆಗೆ ಹೋದ ಯಾರಿಗೂ ಬಾಯಿಗೆ ಬರುತ್ತದೆ. ಅದೇ ಹೊತ್ತಿಗೆ ಅಲ್ಲೇ ಸೇರಿದ ಕರ್ನಾಟಕ ಏಕೀಕರಣ ಪರಿಷತ್ತಿಗೆ ಅಧ್ಯಕ್ಷರಾಗಿದ್ದವರು ಹುಬ್ಬಳ್ಳಿಯ ವಕೀಲ ಸಿದ್ದಪ್ಪ ಕಂಬಳಿ. ಧಾರವಾಡದಲ್ಲಿ ವಕೀಲಿ ಮಾಡಿ ಬಿಟ್ಟ ಆಲೂರು ವೆಂಕಟರಾಯರನ್ನೂ ಸೇರಿಸಿದರೆ ಕನ್ನಡ ನಾಡನ್ನು ಕೂಡಿಸುವ ಕೆಲಸದ ವಕಾಲತ್ತನ್ನು ನಮ್ಮ ಭಾಗದ ಕಾಯ್ದೆ ಓದಿದವರೇ ಹಿಡಿದಿದ್ದರು ಅನ್ನಬಹುದು. ಪಕ್ಷಗಾರ ಇಡೀ ಜನತೆ. ಫೀ ಯಾರೂ ಕೊಡಲಿಲ್ಲ.

ಹೀಗೆ ಬರೆಯುತ್ತ ಹೋದರೆ ಎಲ್ಲರೂ ಬಿಟ್ಟವರೇ ಆಗುತ್ತಾರೆ. ನಿಮ್ಮ ಗೋಡೆಗೆ ಉಳಿದವರೂ ಬೇಕು. ದಿನವೂ ಹನ್ನೊಂದಕ್ಕೆ ಕೋರ್ಟಿಗೆ ಹೋಗಿ, ತಾರೀಖು ತಗೊಂಡು, ಸಂಜೆ ಸೋತ ಪಕ್ಷಗಾರನಿಗೆ ಚಹಾ ಕುಡಿಸಿ ಕಳಿಸಿದವರು. ಅಂಥವರು ಕೂಡಿ ಮಾಡಿದ ಒಂದು ಕೆಲಸ ಈ ಊರಿನಲ್ಲಿದೆ, ನೀವೇ ಅದರ ಫಲ.

1939ಕ್ಕೆ ಮುಂಚೆ ಬೆಳಗಾವಿ ಸೀಮೆಯ ಹುಡುಗ ವಕೀಲನಾಗಬೇಕೆಂದರೆ ಟ್ರಂಕು ಹೊತ್ತು ಮುಂಬಯಿಗೋ ಪುಣೆಗೋ ಕೊಲ್ಹಾಪುರಕ್ಕೋ ಹೋಗಬೇಕಿತ್ತು. ಮನೆಯಲ್ಲಿ ಜಮೀನೋ ಇನಾಮೋ ಇದ್ದವರಿಗೆ ಆ ಮಾತು. ಉಳಿದವರಿಗೆ ಕಾರಕೂನಿಕೆಯೇ ಗತಿ. ಆ ವರ್ಷ ಇಲ್ಲಿಯ ವಕೀಲರು ಕೂಡಿಕೊಂಡು ಕರ್ನಾಟಕ ಲಾ ಸೊಸೈಟಿ ಕಟ್ಟಿ ಕಾಯ್ದೆ ಕಾಲೇಜು ತೆರೆದರು. ಯೋಚಿಸಿ ನೋಡಿ: ಯಾವ ಅಂಗಡಿಯವನು ತನ್ನ ಎದುರಿಗೆ ಹತ್ತು ಅಂಗಡಿ ತೆರೆಯಲಿಕ್ಕೆ ತಾನೇ ಪದರಿನ ದುಡ್ಡು ಹಾಕುತ್ತಾನೆ? ಇವರು ಹಾಕಿದರು. ವಂಟಮುರಿಯ ರಾಜಾ ಲಖಮಗೌಡ ಸರದೇಸಾಯಿಯವರ ದಾನದಿಂದ ಅವರ ಹೆಸರೇ ಕಾಲೇಜಿಗೆ ಬಂತು. ಆ ಪುಣ್ಯಾತ್ಮರ ಹೆಸರು ಘಟಪ್ರಭೆಯ ಹಿಡಕಲ್ ಜಲಾಶಯಕ್ಕೂ ಇದೆ. ನಮ್ಮ ಜಿಲ್ಲೆಯಲ್ಲಿ ನೀರೂ ನ್ಯಾಯವೂ ಒಂದೇ ಹೆಸರಿನಲ್ಲಿ ಹರಿಯುತ್ತವೆ ಅಂತ ನಾವು ಚೇಷ್ಟೆ ಮಾಡುತ್ತಿದ್ದೆವು.

ಕಾಲೇಜು ತೆರೆದ ವರ್ಷವೇ ಯುರೋಪಿನಲ್ಲಿ ಯುದ್ಧ ಶುರುವಾಯಿತು. ಆದರೂ ನಡೆಯಿತು. ಮಂಡ್ಯ ಸೀಮೆಯ ಎಂಗಲಗುಪ್ಪೆಯಿಂದ ಒಬ್ಬ ಹುಡುಗ ಇಲ್ಲಿಗೆ ಬಂದು ಓದಿದ. ಅವನೇ ಇ.ಎಸ್. ವೆಂಕಟರಾಮಯ್ಯ, 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿ. ಸಂವಿಧಾನದ ಮೊದಮೊದಲ ದೊಡ್ಡ ಖಟ್ಲೆಯಾದ ಎ.ಕೆ. ಗೋಪಾಲನ್ ಪ್ರಕರಣವನ್ನು 1950ರಲ್ಲಿ ವಾದಿಸಿದ ಬ್ಯಾರಿಸ್ಟರ್ ಎಂ.ಕೆ. ನಂಬಿಯಾರರ ಮಗನೂ ಇದೇ ಟಿಳಕವಾಡಿಯಲ್ಲಿ ಕಾಯ್ದೆ ಓದಿದ. 2017ರಿಂದ 2022ರವರೆಗೆ ದೇಶದ ಅಟಾರ್ನಿ ಜನರಲ್ ಆಗಿದ್ದ ಕೆ.ಕೆ. ವೇಣುಗೋಪಾಲ್. ದೊಡ್ಡವರ ಹೆಸರು ಹೇಳಿದೆ, ಹೇಳಲೇಬೇಕು. ಆದರೆ ಕಾಲೇಜಿನ ನಿಜವಾದ ಸಾಧನೆ ಅಥಣಿ, ಸವದತ್ತಿ, ಬೈಲಹೊಂಗಲ, ಖಾನಾಪುರದ ತಾಲೂಕು ಕೋರ್ಟುಗಳಲ್ಲಿದೆ. ಅಲ್ಲಿ ಸನದು ಪಡೆದ ಮೊದಲ ತಲೆಮಾರಿನ ಒಕ್ಕಲು ಮಕ್ಕಳು ಬಂದು ನಿಂತರಲ್ಲ, ಅದು. ನಮ್ಮ ಕಾಲದಲ್ಲಿ ಪಾಠ ಹೇಳಲಿಕ್ಕೆ ಬರುತ್ತಿದ್ದವರಲ್ಲೂ ವಕೀಲಿ ಮಾಡುವವರಿದ್ದರು. ಕರಾರು ಕಾಯ್ದೆ ಹೇಳುತ್ತ ಹೇಳುತ್ತ ಗಡಿಯಾರ ನೋಡಿ, “ಉಳಿದದ್ದು ನಾಳೆ, ಇವತ್ತು ನನ್ನ ಸಾಕ್ಷಿ ಕಾಯ್ತಾನ” ಅಂತ ಎದ್ದುಹೋಗುತ್ತಿದ್ದರು. ನಾವು ಹಿಂದೆಯೇ ಓಡಿ ಕೋರ್ಟಿನಲ್ಲಿ ಕೂತು ಆ ಸಾಕ್ಷಿಯ ಪಾಟೀಸವಾಲು ನೋಡುತ್ತಿದ್ದೆವು. ಕಲಿತದ್ದು ಅಲ್ಲಿ.

ಇಷ್ಟು ಹೊಗಳಿದ ಮೇಲೆ ಒಂದು ಕಹಿ ಮಾತು. ಗೋಡೆಗೆ ಸುಣ್ಣ ಬಳಿಯಿರಿ, ನೆನಪಿಗೆ ಬಳಿಯಬೇಡಿ. ಹಳೆಯ ಗುಂಪು ಫೋಟೋಗಳನ್ನು ನೋಡಿದರೆ ಪೇಟ, ರುಮಾಲು, ಉಪರಣೆಯ ಸಾಲಿನಲ್ಲಿ ಎರಡು ಮೂರು ಜಾತಿಯವರೇ ಕಾಣುತ್ತಾರೆ. ದೇಶಪಾಂಡೆ, ದೇಸಾಯಿ, ಕುಲಕರ್ಣಿ, ಇನಾಮದಾರ. ವತನದ ಕಾಗದ ಯಾರ ಮನೆಯಲ್ಲಿತ್ತೋ ವಕೀಲಿಯೂ ಅವರ ಮನೆಗೇ ಬಂತು. ಉಳುವವನೇ ಒಡೆಯ ಎಂದು 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಬಂದಾಗ ಭೂನ್ಯಾಯಮಂಡಳಿಯಲ್ಲಿ ವಕೀಲರು ಹಾಜರಾಗಕೂಡದು ಎಂದೇ ಕಾಯ್ದೆ ಹೇಳಿತು. ನಮ್ಮ ಮೇಲೆ ಸರಕಾರಕ್ಕೆ ಎಷ್ಟು ನಂಬಿಕೆ ಇತ್ತು ನೋಡಿ! ದೊಡ್ಡ ಜಮೀನುದಾರ ವಕೀಲನನ್ನು ಕೊಳ್ಳುತ್ತಾನೆ, ಗೇಣಿಯವನು ಕೊಳ್ಳಲಾರ ಎಂಬುದು ಅದರ ಹಿಂದಿನ ಲೆಕ್ಕ; ಸುಳ್ಳೇನಲ್ಲ. 1987ರಲ್ಲಿ ಸುಪ್ರೀಂ ಕೋರ್ಟು ಆ ನಿರ್ಬಂಧವನ್ನು ತೆಗೆದುಹಾಕಿತು, ವಕೀಲರ ಕಾಯ್ದೆ ಕೊಟ್ಟ ಹಕ್ಕನ್ನು ಹೀಗೆ ಕಿತ್ತುಕೊಳ್ಳುವಂತಿಲ್ಲ ಎಂದು.

ಅಷ್ಟರೊಳಗೆ ಗೇಣಿದಾರರು ಜಮೀನಿನ ಹಕ್ಕು ಕೇಳಿ ಫಾರ್ಮ್ ನಂಬರ್ ಏಳು ತುಂಬುವ ಮುದ್ದತು, 1979ರ ಜೂನ್ 30, ಎಂದೋ ಮುಗಿದಿತ್ತು. ಆ ವರ್ಷಗಳಲ್ಲಿ ತಹಸೀಲ ಕಚೇರಿಯ ಹೊರಗೆ ಮರದಡಿ ಕೂತು ಗೇಣಿದಾರರಿಗೆ ಆ ಫಾರ್ಮು ತುಂಬಿಕೊಟ್ಟ ವಕೀಲರೂ ಇದ್ದರು, ಒಳಗಿನ ಖೋಲಿಯಲ್ಲಿ ಒಡೆಯನ ಹಳೆಯ ಚೀಟಿಗಳನ್ನು ಜೋಡಿಸಿಕೊಟ್ಟವರೂ ಇದ್ದರು. ಕೆಲವರು ಬೆಳಿಗ್ಗೆ ಅದು, ಸಂಜೆ ಇದು ಮಾಡಿದರು. ನಿಮ್ಮ ಆಫೀಸಿನ ಎರಡನೆಯವರು ಇವರಲ್ಲಿ ಯಾರಾಗಿದ್ದರು ಎಂದು ಕಪಾಟಿನ ಫೈಲುಗಳೇ ಹೇಳಿಯಾವು. ಹೇಳಿದ್ದನ್ನು ಫೋಟೋದ ಕೆಳಗೆ ಬರೆಯುವ ಧೈರ್ಯ ನಿಮಗಿದೆ ಎಂದು ನನ್ನ ಅಂದಾಜು.

ಕಪಾಟು ಅಂದಕೂಡಲೆ ನೆನಪಾಯಿತು. ಕೆಳಗಿನ ಖಾನೆಯಲ್ಲಿ ಅರಿವೆಯಲ್ಲಿ ಸುತ್ತಿದ ಕಾಗದಗಳಿವೆ, ಲಿಪಿ ಕನ್ನಡವೂ ಅಲ್ಲ ದೇವನಾಗರಿಯೂ ಅಲ್ಲ ಎಂದಿದ್ದೀರಿ. ಅದು ಮೋಡಿ. ಲೇಖನಿ ಎತ್ತದೆ ಓಡಿಸಿ ಬರೆಯುವ ಬರಹ; ಮುಂಬಯಿ ಪ್ರಾಂತದ ಹಳೆಯ ದಫ್ತರದ ಲಿಪಿ. ಎಸೆಯಬೇಡಿ ಮಹರಾಯ್ತಿ. ನಿಮ್ಮ ತಾಲೂಕಿನಲ್ಲಿ ಕಾಗದಕ್ಕೆ ಇರುವ ಮಹತ್ವ ಬೇರೆ ಕಡೆ ಇಲ್ಲ. ಅಲ್ಲಿಯ ಹಲಸಿಯಲ್ಲಿ ಸಿಕ್ಕ ಕದಂಬರ ತಾಮ್ರಪಟಗಳನ್ನು ಶಾಸನತಜ್ಞ ಫ್ಲೀಟ್ ಸಾಹೇಬ ಓದಿ ಪ್ರಕಟಿಸಿದ್ದಾನೆ. 5ನೇ ಶತಮಾನದಲ್ಲಿ ಕಾಕುಸ್ಥವರ್ಮ ತನ್ನನ್ನು ಕಾಪಾಡಿದ ಸೇನಾಪತಿ ಶ್ರುತಕೀರ್ತಿಗೆ ಒಂದು ಹೊಲ ಕೊಟ್ಟ ದಾನಪತ್ರ ಅವುಗಳಲ್ಲಿದೆ. ಕೊಟ್ಟವನು, ಪಡೆದವನು, ಜಮೀನು, ಕಾರಣ, ಕೊನೆಗೆ ಇದನ್ನು ಕಸಿದವನಿಗೆ ಶಾಪ! ಶಾಪದ ಜಾಗದಲ್ಲಿ ಈಗ ನಾವು ನೋಂದಣಿ ಕಚೇರಿಯ ಸಿಕ್ಕೆ ಒತ್ತುತ್ತೇವೆ, ಅಷ್ಟೇ ವ್ಯತ್ಯಾಸ.

ಇತ್ತ ಪಕ್ಕದ ಕಿತ್ತೂರಿನ ಯುದ್ಧವೂ ಒಂದು ಕಾಗದದಿಂದಲೇ ಹತ್ತಿಕೊಂಡದ್ದಲ್ಲವೇ? ಅಲ್ಲಿಯ ದೇಸಾಯಿ ಶಿವಲಿಂಗ ರುದ್ರಸರ್ಜ ಸಾಯುವ ಮುಂಚೆ ದತ್ತಕ ತೆಗೆದುಕೊಂಡ ಪತ್ರದ ಸಹಿ ನಿಜವೋ ಅಲ್ಲವೋ ಎಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ತಕರಾರು ಎತ್ತಿದ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಬಾಗಿಲಲ್ಲಿ ಸತ್ತ. ಆರು ವರ್ಷದ ಮೇಲೆ, 1831ರ ಜನವರಿ 26ರಂದು, ಕಿತ್ತೂರಿನ ಪರ ಹೋರಾಡಿದ ರಾಯಣ್ಣನನ್ನು ನಿಮ್ಮ ನಂದಗಡದಲ್ಲಿ ಗಲ್ಲಿಗೆ ಹಾಕಿದರು. ಒಂದು ಸಹಿಯ ತಕರಾರು ಎಲ್ಲಿಯವರೆಗೆ ಹೋಗಬಹುದು ಎಂದು ಜೂನಿಯರುಗಳಿಗೆ ಕಲಿಸಬೇಕಾದಾಗ ಅವರನ್ನು ನಂದಗಡದ ಆಲದ ಮರದ ಹತ್ತಿರ ಕರೆದೊಯ್ಯಿರಿ.

ಇನ್ನೊಂದು ಸಣ್ಣ ಸಂಗತಿ. ಹಳೆಯ ಫೈಲುಗಳಲ್ಲಿ ಮುಂಬಯಿಯ ರೈಲು ಚೀಟಿ, ಲಾಡ್ಜಿನ ಪಾವತಿ ಸಿಕ್ಕರೆ ಅವನ್ನೂ ತೆಗೆದಿಡಿ. 1956ರ ನವೆಂಬರ್ 1ರವರೆಗೆ ನಮ್ಮ ಅಪೀಲು ಮುಂಬಯಿಗೆ ಹೋಗುತ್ತಿತ್ತು, ಆ ದಿನದಿಂದ ಬೆಂಗಳೂರಿಗೆ. ಎರಡೂ ನಮಗೆ ಹತ್ತಿರಹತ್ತಿರ ಐದುನೂರು ಕಿಲೋಮೀಟರು. ನಾಡು ಬದಲಾಯಿತು, ದೂರ ಬದಲಾಗಲಿಲ್ಲ. ರಾತ್ರಿ ಬಂಡಿಯಲ್ಲಿ ಪಕ್ಷಗಾರನ ರೊಟ್ಟಿ ಗಂಟನ್ನೇ ಹಂಚಿಕೊಂಡು ತಿಂದು, ಬೆಳಿಗ್ಗೆ ಮುಖ ತೊಳೆದು ಹೈಕೋರ್ಟಿಗೆ ಹೋದ ವಕೀಲರ ತಲೆಮಾರೊಂದಿತ್ತು. ವರ್ಷಗಟ್ಟಲೆ ಕಲಾಪ ಬಹಿಷ್ಕಾರ, ಧರಣಿ, ಮನವಿ ಎಲ್ಲ ಆದ ಮೇಲೆ 2008ರ ಜುಲೈ 4ರಂದು ಧಾರವಾಡದಲ್ಲಿ ಸಂಚಾರಿ ಪೀಠ ಶುರುವಾಯಿತು, 2013ರಲ್ಲಿ ಕಾಯಂ ಆಯಿತು. ಆ ಹೋರಾಟದಲ್ಲಿ ಕೂಗಿದವರಲ್ಲಿ ಎಷ್ಟೋ ಜನ ಪೀಠ ನೋಡುವ ಮುಂಚೆಯೇ ಹೋಗಿಬಿಟ್ಟಿದ್ದರು. ನೀವು ಈಗ ಖಾನಾಪುರದಲ್ಲಿ ನಾಷ್ಟಾ ಮಾಡಿ ಹೊರಟು ಹೈಕೋರ್ಟಿನಲ್ಲಿ ವಾದಿಸಿ ರಾತ್ರಿ ಊಟಕ್ಕೆ ಮನೆಗೆ ಬರುತ್ತೀರಿ.

ಭಾಷೆಯ ಪ್ರಶ್ನೆ ಕೇಳಿದ್ದೀರಿ: ಹೆಸರುಗಳನ್ನು ಕನ್ನಡದಲ್ಲಿ ಮಾತ್ರ ಬರೆಸಲೋ, ಮರಾಠಿಯಲ್ಲೂ ಬರೆಸಲೋ? ಗಡಿಯ ದಾವೆ 2004ರಿಂದ ಸುಪ್ರೀಂ ಕೋರ್ಟಿನಲ್ಲಿದೆ, ಅದರ ವಕೀಲರು ಅದನ್ನು ನೋಡಿಕೊಳ್ಳಲಿ. ನಾನು ಕಂಡ ಬಾರ್ ರೂಮಿನಲ್ಲಿ ಊರೆಲ್ಲ ಬಂದ್ ಇದ್ದ ದಿನವೂ ಕನ್ನಡದ ವಕೀಲ ಮರಾಠಿಯಲ್ಲಿ, ಮರಾಠಿಯ ವಕೀಲ ಕನ್ನಡದಲ್ಲಿ ಒಬ್ಬರನ್ನೊಬ್ಬರು ಚೇಷ್ಟೆ ಮಾಡುತ್ತ ಒಂದೇ ಕಿಟ್ಲಿಯ ಚಹಾ ಕುಡಿಯುತ್ತಿದ್ದರು. ಕನ್ನಡದಲ್ಲಿ ದೊಡ್ಡದಾಗಿ ಬರೆಸಿ. ಭಾಟೆ, ಲಠ್ಠೆ, ಸೊರಾಬ್ಜಿ ಎಂದು ಕನ್ನಡ ಅಕ್ಷರದಲ್ಲಿ ಓದುವಾಗಲೇ ಅವರು ನಮ್ಮವರಾಗಿಬಿಡುತ್ತಾರೆ.

ಕೊನೆಗೆ ಆ ಕಾರಕೂನರ ಮಾತು. ನಿಮ್ಮ ಆಫೀಸಿನಲ್ಲೂ ಅಂಥವರೊಬ್ಬರು ಇದ್ದರಲ್ಲ? ನಿಮ್ಮ ಪತ್ರದಲ್ಲಿ ಅವರ ಪ್ರಸ್ತಾಪ ಒಂದೇ ಕಡೆ ಬರುತ್ತದೆ, ‘ಡೈರಿ ಬರೆಯುತ್ತಿದ್ದ ಮುದುಕರು’ ಎಂದು. ಮೂವರು ವಕೀಲರ ಕೈಕೆಳಗೆ ದುಡಿದರು ಎಂದರೆ ಆ ಆಫೀಸನ್ನು ನಡೆಸಿದವರು ಯಾರು ಎಂಬ ಬಗ್ಗೆ ನನಗೆ ಸಂಶಯವಿಲ್ಲ. ಮೂವರ ಕೈಬರಹವನ್ನೂ ಟೈಪಿಗೆ ಇಳಿಸಿದವರು, ಯಾವ ಹಳ್ಳಿಯ ಯಾವ ಸರ್ವೇ ನಂಬರಿನ ಜಗಳ ಯಾವ ಖಾನೆಯಲ್ಲಿದೆ ಎಂದು ಬಲ್ಲವರು, ಫೀ ಬಾಕಿ ಇದ್ದ ಬಡವನಿಗೆ “ಸಾಹೇಬ್ರಿಗೆ ನಾ ಹೇಳ್ತೀನಿ, ನೀ ನಡಿ” ಅಂದವರು. ಅವರ ಫೋಟೋ ಸಿಗಲಿಕ್ಕಿಲ್ಲ. ಮನೆಯವರನ್ನು ಕೇಳಿ, ಯಾರದೋ ಮದುವೆಯ ಗುಂಪಿನಲ್ಲಿ ಹಿಂದಿನ ಸಾಲಿನಲ್ಲಿ ನಿಂತಿರುತ್ತಾರೆ. ಅದನ್ನೇ ದೊಡ್ಡದು ಮಾಡಿಸಿ. ಅದೂ ಸಿಗದಿದ್ದರೆ ಅವರ ಡೈರಿಯ ಒಂದು ಹಾಳೆಗೆ ಕಟ್ಟು ಹಾಕಿಸಿ. ಕಟ್ಟಿನ ಖರ್ಚು ನನ್ನದು.

ಮುಂದಿನ ಭಾನುವಾರ ಮೋಡಿ ಓದಬಲ್ಲ ಗೆಳೆಯರೊಬ್ಬರನ್ನು ಕರೆದುಕೊಂಡು ಬರುತ್ತೇನೆ. ಅವರಿಗೆ ಎಂಬತ್ತು ದಾಟಿದೆ. ನಡುಹಾದಿಯಲ್ಲಿ ಎರಡು ಸಲ ಚಹಾಕ್ಕೆ ನಿಲ್ಲಿಸಬೇಕು, ಹೀಗಾಗಿ ಹನ್ನೊಂದರ ಮುಂಚೆ ಕಾಯಬೇಡಿ. ಕೆಳಗಿನ ಖಾನೆಯ ಗಂಟನ್ನು ಬಿಚ್ಚದೆ ಹಾಗೇ ಇಡಿ, ಬಿಸಿಲಿಗೂ ಹಾಕಬೇಡಿ, ಕಾಗದ ಮುರಿಯುತ್ತದೆ. ಮೊಳೆ ಹೊಡೆಯುವ ಅವಸರವೂ ಬೇಡ. ಗೋಡೆ ಒಣಗಲಿ. ಖಾನಾಪುರದಲ್ಲಿ ಅದಕ್ಕೆ ದೀಪಾವಳಿಯೇ ಬರಬೇಕು.

ಇತಿ ನಿಮ್ಮ,
ಕರಿಕೋಟು ಬಿಟ್ಟ ಗೆಳೆಯ

ತಾ.ಕ.: ಕುಂದಾ ತರುತ್ತೇನೆ. ಕಟ್ಟಿನ ಅಂಗಡಿಯವನ ಪಾವತಿ ಬಂದರೆ ಮುಂಭಾಗ ನೋಡಿ ದುಡ್ಡು ಕೊಡಬೇಡಿ, ತಿರುವಿ ನೋಡಿ.